ರಾಜ್ಯದ ವಕೀಲರನ್ನೂ ಜನರೇ ಓಟು ಹಾಕಿ ಆರಿಸ್ತಾರಾ?

ಸಾಗರದವ:
ಮಗಳು ಅಮೆರಿಕದ ವರ್ಜೀನಿಯಾದಲ್ಲಿದ್ದಾಳೆ. ಅಲ್ಲಿನ ಪ್ರಜೆಯಾದ ಮೇಲೆ 2025ರ ನವೆಂಬರ್‌ನಲ್ಲಿ ಮೊದಲ ಸಲ ಓಟು ಹಾಕಿದಳು. ಗವರ್ನರ್‌ಗೆ ಒಂದು, ಲೆಫ್ಟಿನೆಂಟ್ ಗವರ್ನರ್‌ಗೆ ಒಂದು, ಅಟಾರ್ನಿ ಜನರಲ್‌ಗೆ ಇನ್ನೊಂದು. ಆ ಮೂರನೆಯದು ನನ್ನ ತಲೆಯಲ್ಲೇ ಕೂತಿದೆ. ಕೋರ್ಟಿನಲ್ಲಿ ಸರ್ಕಾರದ ಪರ ನಿಲ್ಲುವವರನ್ನೂ ಜನ ಆರಿಸ್ತಾರಾ?

ಕೇಳೋಕೆ ಕಾರಣ ಇದೆ. ನಮ್ಮದು ಶರಾವತಿ ಮುಳುಗಡೆ ಕುಟುಂಬ. ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಅದಕ್ಕೂ ಮೊದಲೇ ಅಪ್ಪ ಮನೆಯ ಬಾಗಿಲು, ಕಂಬ ಎಲ್ಲ ಗಾಡಿಗೆ ಹೇರಿಕೊಂಡು ಈ ಊರಿಗೆ ಬಂದಿದ್ದರು. ಈಗಿನ ಜಾಗದ ಹಕ್ಕಿನ ಕೇಸು ಹೈಕೋರ್ಟಿನಲ್ಲಿದೆ. ರಾತ್ರಿ ತಾಳಗುಪ್ಪದ ರೈಲು ಹತ್ತಿ, ಅಪ್ಪನ ಕಾಗದದ ಚೀಲ ತಲೆದಿಂಬು ಮಾಡಿಕೊಂಡು ಮಲಗುತ್ತೇನೆ. ಬೆಳಿಗ್ಗೆ ಬೆಂಗಳೂರು. ಕೇಸು ಕೂಗುತ್ತಾರೆ. ಸರ್ಕಾರದ ಕಡೆಯವರು ಎದ್ದು 'ಆಕ್ಷೇಪಣೆ ಹಾಕಲು ನಾಲ್ಕು ವಾರ ಬೇಕು' ಅಂತಾರೆ. ಎರಡು ನಿಮಿಷಕ್ಕೆ ಮುಗೀತು. ನನ್ನ ಓಟು ಅವರಿಗೆ ಬೇಕಾಗಿದ್ದರೆ ಹೀಗಾಗ್ತಿತ್ತಾ?

ಶಿವಮೊಗ್ಗದ ವಕೀಲೆ:
ಅಣ್ಣಾ, ನಮ್ಮ ರಾಜ್ಯದಲ್ಲಿ ಆ ಜಾಗದಲ್ಲಿರುವವರು ಅಡ್ವೊಕೇಟ್ ಜನರಲ್. ಸಂವಿಧಾನದ 165ನೇ ವಿಧಿ. ದೆಹಲಿಯ ಅಟಾರ್ನಿ ಜನರಲ್ ಬೇರೆ, ಅದು 76ನೇ ವಿಧಿ. ಇಲ್ಲಿ ನೇಮಿಸುವುದು ರಾಜ್ಯಪಾಲರು, ಅಂದರೆ ಸರ್ಕಾರ ಹೇಳಿದವರನ್ನು. ಸರ್ಕಾರ ಬದಲಾದರೆ ಸಾಮಾನ್ಯವಾಗಿ ಅವರೂ ಬದಲಾಗುತ್ತಾರೆ. ಅಮೆರಿಕದ 50 ರಾಜ್ಯಗಳಲ್ಲಿ 43ರಲ್ಲಿ ಓಟು ನಡೆಯುತ್ತದೆ. ಐದು ಕಡೆ ಗವರ್ನರ್ ನೇಮಕ, ಮೇನ್‌ನಲ್ಲಿ ಶಾಸಕರ ಆಯ್ಕೆ, ಟೆನೆಸ್ಸಿಯಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟಿನದು.

ಆದರೆ ನಿಮ್ಮ ಕೇಸಿಗೆ ಓಟು ಮದ್ದಲ್ಲ. ಆಕ್ಷೇಪಣೆ ಬರೆಯೋಕೆ ಕಂದಾಯ, ಅರಣ್ಯ ಇಲಾಖೆಗಳಿಂದ ಕಡತ ಬರಬೇಕು, ನಿಮ್ಮ ಅರ್ಜಿಯ ಒಂದೊಂದು ಪ್ಯಾರಾಕ್ಕೂ ಉತ್ತರ ಬರಬೇಕು. ಅದು ಬರದಿದ್ದರೆ ಯಾರೇ ನಿಂತರೂ ಸಮಯವನ್ನೇ ಕೇಳುತ್ತಾರೆ.

ಹೊರನಾಡ ತೀರ್ಥಹಳ್ಳಿ:
ನಾನೂ ವರ್ಜೀನಿಯಾದಲ್ಲೇ ಇರೋದು. ಇಲ್ಲಿ ಒಂದೊಂದು ಓಟಿಗೂ ಬೆಲೆ ಇದೆ ಅನ್ನೋದಕ್ಕೆ 2013ರ ಅಟಾರ್ನಿ ಜನರಲ್ ಚುನಾವಣೆ ನೋಡಿ. 22 ಲಕ್ಷಕ್ಕೂ ಜಾಸ್ತಿ ಓಟು ಬಿದ್ದಿತ್ತು. ಮೊದಲ ಎಣಿಕೆಯಲ್ಲಿ ಮಾರ್ಕ್ ಹೆರಿಂಗ್ ಮುಂದಿದ್ದದ್ದು ಬರೀ 165 ಓಟಿನಿಂದ. ಮರು ಎಣಿಕೆ ಆದ ಮೇಲೆ 907. ಅಧಿಕಾರಕ್ಕೆ ಬಂದ ಆ ಜನವರಿಯಲ್ಲೇ, ಸಲಿಂಗ ಮದುವೆಗೆ ರಾಜ್ಯ ಹಾಕಿದ್ದ ನಿಷೇಧದ ಪರ ಕೋರ್ಟಿನಲ್ಲಿ ವಾದ ಮಾಡಲ್ಲ ಅಂದುಬಿಟ್ಟರು. ರಾಜ್ಯದ ಕಾನೂನು ಕಾಯೋಕೆ ತಾನೇ ಆರಿಸಿದ್ದು ಅಂತ ಬಹಳ ಜನ ಸಿಟ್ಟಾದರು. ಆದರೆ ಜನ ಆರಿಸಿದವರನ್ನು ಗವರ್ನರ್ ಕೆಳಗಿಳಿಸೋಕೆ ಬರಲ್ಲ.

ಸಿಗರೇಟು ಕಂಪನಿಗಳ ಮೇಲೆ ಹಾಕಿದ ತಂಬಾಕಿನ ಕೇಸೂ ಇಂಥ ಅಟಾರ್ನಿ ಜನರಲ್‌ಗಳದ್ದೇ. 1994ರಲ್ಲಿ ಮಿಸಿಸಿಪ್ಪಿಯ ಅಟಾರ್ನಿ ಜನರಲ್ ಒಬ್ಬರೇ ಶುರು ಮಾಡಿದರು. 1998ರಲ್ಲಿ 46 ರಾಜ್ಯಗಳು ಸಿಗರೇಟು ಕಂಪನಿಗಳ ಜೊತೆ ದೊಡ್ಡ ಒಪ್ಪಂದ ಮಾಡಿಕೊಂಡವು. ನನಗೆ ಕಳವಳ ಹಣದ್ದು. ವರ್ಜೀನಿಯಾದಲ್ಲಿ ಅಭ್ಯರ್ಥಿಗೆ ಎಷ್ಟು ದೇಣಿಗೆ ಬೇಕಾದರೂ ಕೊಡಬಹುದು, ಮಿತಿಯೇ ಇಲ್ಲ. ನಾಳೆ ಯಾರ ಮೇಲೆ ಕೇಸು ಹಾಕಬೇಕೋ ಅವರ ದುಡ್ಡೇ ಇವತ್ತು ಪ್ರಚಾರಕ್ಕೆ ಬಂದಿದ್ದರೆ?

ಅಂದಹಾಗೆ 2025ರಲ್ಲಿ ಆಗಿನ ಅಟಾರ್ನಿ ಜನರಲ್ ಜೇಸನ್ ಮಿಯಾರೆಸ್ ಸೋತರು, ಜೇ ಜೋನ್ಸ್ ಗೆದ್ದರು. ಮಗಳು ಹೇಳಿರಬೇಕು ಅಲ್ವಾ?

ಸಾಗರದವ:
ಹೇಳಿದ್ದಳು. ಯಾರಿಗೆ ಹಾಕಿದೆ ಅಂತ ನಾನು ಕೇಳಲಿಲ್ಲ.

ಹಣದ ಮಾತು ನಿಜ. ಆದರೂ ಐದು ವರ್ಷಕ್ಕೊಮ್ಮೆ ನಮ್ಮೂರ ಕಟ್ಟೆ ಮೇಲೆ ಬಂದು ಕೂತು, 'ಮುಳುಗಡೆಯವರ ಕೇಸಲ್ಲಿ ನಾನು ಹೀಗೆ ವಾದ ಮಾಡಿದೆ' ಅಂತ ಸರ್ಕಾರದ ವಕೀಲರು ಲೆಕ್ಕ ಒಪ್ಪಿಸಬೇಕು ಅನ್ನಿಸುತ್ತೆ. ಆ ಆಸೆ ನನಗೆ ಹೋಗಲ್ಲ. ಮೇಡಂ, ಕಡತದ ವಿಷಯ ಇಷ್ಟು ವರ್ಷದಲ್ಲಿ ಯಾರೂ ಬಿಡಿಸಿ ಹೇಳಿರಲಿಲ್ಲ. ಅದು ಎಲ್ಲಿ ನಿಂತಿದೆ ಅಂತ ತಿಳಿಯೋದು ಹೇಗೆ?

ಶಿವಮೊಗ್ಗದ ವಕೀಲೆ:
ರಿಟ್ ಅರ್ಜಿ ನಂಬರ್ ಬರೆದು, ಎರಡೂ ಇಲಾಖೆಗೆ ಬೇರೆ ಬೇರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಅಡ್ವೊಕೇಟ್ ಜನರಲ್ ಕಚೇರಿಯ ಪತ್ರ ಯಾವ ದಿನ ತಲುಪಿತು, ಉತ್ತರ ಯಾವ ದಿನ ಹೋಯಿತು ಅಂತ ಮಾತ್ರ ಕೇಳಿ. ಅಪ್ಪನ ಚೀಲದ ಕಾಗದ ಎಲ್ಲ ಒಂದು ಸಲ ಸ್ಕ್ಯಾನ್ ಮಾಡಿಸಿ ಇಟ್ಟುಕೊಳ್ಳಿ, ಮಳೆಗಾಲ ಬರೋ ಮುಂಚೆ.