ಸಹಾಯ ಬೇಕು: ಕ್ರೆಡಿಟ್ ಕಾರ್ಡ್ ಬಾಕಿ ಸೆಟಲ್‌ಮೆಂಟ್ ಮಾಡ್ಕೊಳ್ಳೋದಾ ಬೇಡ್ವಾ?

ಎಲ್ರಿಗೂ ನಮಸ್ಕಾರ. ನಮ್ಮಣ್ಣನ ಕೆಲಸ ಹೋಗಿ ಕ್ರೆಡಿಟ್ ಕಾರ್ಡ್ ಬಾಕಿ ಹಾಗೇ ನಿಂತುಬಿಟ್ಟಿತ್ತು, ಈಗ ಬಡ್ಡಿ ಲೇಟ್ ಫೀ ಎಲ್ಲಾ ಸೇರಿ ಅಸಲನ್ನೇ ಮೀರಿಸಿದೆ. ರಿಕವರಿಯವ್ರು ಫೋನ್ ಮಾಡಿ, ಅರ್ಧ ದುಡ್ಡು ಒಂದೇ ಸಲಕ್ಕೆ ಕಟ್ಟಿ, ಉಳಿದಿದ್ದು ಬಿಟ್ಬಿಡ್ತೀವಿ ಅಂತಿದಾರೆ. ಕೇಳೋಕೇನೋ ಚೆನ್ನಾಗಿದೆ, ಆದ್ರೆ ಹಂಗೆ ಕಟ್ಟಿದ್ರೆ ಕ್ರೆಡಿಟ್ ರಿಪೋರ್ಟಲ್ಲಿ (ಸಾಲ ಹೇಗೆ ತೀರಿಸಿದೀವಿ ಅನ್ನೋ ದಾಖಲೆ) 'ಕ್ಲೋಸ್ಡ್' ಅಂತ ಬರಲ್ಲ, 'ಸೆಟಲ್ಡ್' ಅಂತ ಬರತ್ತೆ, ಮುಂದೆ ಮನೆ ಲೋನಿಗೆ ಹೋದಾಗ ಅದನ್ನ ನೋಡಿದ ತಕ್ಷಣ ಇವ್ರು ಪೂರ್ತಿ ಕಟ್ಟಿದವರಲ್ಲ ಅಂತ ಲೆಕ್ಕ ಹಾಕ್ತಾರೆ.

ಸೆಟಲ್‌ಮೆಂಟ್ ಲೆಟರ್ ಮೊದ್ಲು ಕೊಡಿ, ಅದ್ರಲ್ಲಿ ಮೊತ್ತ, ಕೊನೇ ದಿನಾಂಕ ಎಲ್ಲಾ ಬರೆದಿರ್ಲಿ ಅಂದ್ರೆ, ಮೊದ್ಲು ಕಟ್ಟಿ ಆಮೇಲೆ ಕಳಿಸ್ತೀವಿ ಅಂತಾರೆ. ಕಾಗದ ಕೈಗೆ ಬರದೆ ಬಿಡಿಗಾಸೂ ಕೊಡ್ಬೇಡ ಅಂತ ಅಣ್ಣಂಗೆ ಹೇಳಿದೀನಿ. ಬ್ಯಾಂಕಿಗೇ ನೇರವಾಗಿ ಮೇಲ್ ಹಾಕಿ, ಬಡ್ಡಿ ಪೆನಾಲ್ಟಿ ಬಿಡಿ, ಅಸಲು ಪೂರ್ತಿ ಕಂತಲ್ಲಿ ಕಟ್ತೀವಿ, ರಿಪೋರ್ಟಲ್ಲಿ ಕ್ಲೋಸ್ಡ್ ಅಂತ ಹಾಕಿ ಅಂತಾನೂ ಕೇಳಿದ್ವಿ. 'ನಿಮ್ಮ ಮನವಿ ಪರಿಶೀಲನೆಯಲ್ಲಿದೆ' ಅಂತ ಒಂದು ಸಾಲು ಬಂತು, ಅಷ್ಟೇ. ಸುಮ್ನೆ ಕಾಯೋಣ ಅಂದ್ರೆ ಪ್ರತಿ ತಿಂಗಳೂ ರಿಪೋರ್ಟಲ್ಲಿ ಬಾಕಿ ಅಂತ ಏರ್ತಾನೇ ಇರತ್ತೆ, ಅಣ್ಣ ರಾತ್ರಿ ಸರಿಯಾಗಿ ನಿದ್ದೇನೂ ಮಾಡ್ತಿಲ್ಲ.

ನಂಗೆ ಗೊತ್ತಾಗದೇ ಇರೋದು ಇದೊಂದೇ. ಈಗ ಸೆಟಲ್ ಮಾಡ್ಕೊಂಡು, ಮುಂದೆ ದುಡ್ಡು ಕೂಡಿದಾಗ ಅವ್ರು ಬಿಟ್ಟಿದ್ದ ಬಾಕಿನೂ ಕಟ್ಟಿದ್ರೆ ಆ 'ಸೆಟಲ್ಡ್' ಅನ್ನೋದನ್ನ 'ಕ್ಲೋಸ್ಡ್' ಅಂತ ಬದಲಾಯಿಸ್ತಾರಾ? ನಿಮ್ಮಲ್ಲಿ ಯಾರಾದ್ರೂ ಹಾಗೆ ಮಾಡಿಸಿದೀರಾ, ಅದಕ್ಕೆ ಬ್ಯಾಂಕಿಂದ ಯಾವ ಪತ್ರ ತಗೋಬೇಕು?