ಔಟ್‌ಪುಟ್ ಕಾರ್ಡಿನ 6ನೇ ಲೈನ್ ಮಧ್ಯಾಹ್ನ ಆದ್ರೆ ಕೈ ಕೊಡ್ತಿದೆ

ಕಪನೂರು ವೈರ್‌ಮ್ಯಾನ್:
ನಮಸ್ಕಾರ್ರಿ ಎಲ್ಲರಿಗೂ. ಕಲಬುರಗಿಯ ಕಪನೂರು ಇಂಡಸ್ಟ್ರಿಯಲ್ ಏರಿಯಾದ ಒಂದು ದಾಲ್ ಮಿಲ್‌ನಲ್ಲಿ ಪ್ಯಾನೆಲ್ ನೋಡಿಕೊಳ್ಳುತ್ತೇನೆ. ಪಿಎಲ್‌ಸಿಯಲ್ಲಿ (ಯಂತ್ರಗಳನ್ನು ಪ್ರೋಗ್ರಾಂ ಪ್ರಕಾರ ನಡೆಸುವ ಕಂಪ್ಯೂಟರ್) 16 ಲೈನಿನ ಡಿಜಿಟಲ್ ಔಟ್‌ಪುಟ್ ಕಾರ್ಡ್ ಇದೆ, ಅಂದ್ರೆ ಅದರ ಆಜ್ಞೆಯಂತೆ ಹೊರಗೆ ಕರೆಂಟ್ ಕೊಡುವ ಭಾಗ. ಟ್ರಾನ್ಸಿಸ್ಟರ್ ಟೈಪ್, 24 ವೋಲ್ಟ್ ಡಿಸಿ, ಲೈನಿಗೆ ಹೆಚ್ಚೆಂದರೆ 0.5 ಆಂಪಿಯರ್. ತೊಗರಿ ಬಿನ್‌ಗಳ ಗೇಟ್ ತೆಗೆಯುವ ಎಂಟು ಗಾಳಿ ವಾಲ್ವ್‌ಗಳ ಕಾಯಿಲ್ (ಕರೆಂಟ್ ಕೊಟ್ಟರೆ ವಾಲ್ವ್ ಎಳೆಯುವ ತಾಮ್ರದ ಸುರುಳಿ) ನೇರ ಕಾರ್ಡಿಗೇ ಜೋಡಿಸಿದ್ದಾರೆ. ನಡುವೆ ರಿಲೇ (ಕರೆಂಟ್‌ನಿಂದ ನಡೆಯುವ ಸ್ವಿಚ್) ಇಲ್ಲ.

ಬೆಳಿಗ್ಗೆ ಎಲ್ಲಾ ಸರಿ ಇರುತ್ತದೆ. ಮಧ್ಯಾಹ್ನ ಒಂದು ಗಂಟೆ ದಾಟಿತು ಅಂದ್ರೆ 6ನೇ ಲೈನಿನ ಗೇಟ್ ತೆರೆಯುವುದಿಲ್ಲ. ಕಾರ್ಡ್ ಮೇಲಿನ ಎಲ್‌ಇಡಿ ಮಾತ್ರ ಚೆನ್ನಾಗಿ ಉರಿಯುತ್ತಿರುತ್ತದೆ. ವೈರ್ ಬಿಚ್ಚಿ ಟರ್ಮಿನಲ್‌ಗೆ ಮೀಟರ್ ಹಿಡಿದರೆ 24 ವೋಲ್ಟ್ ಬರುತ್ತದೆ. ವಾಪಸ್ ಜೋಡಿಸಿದರೆ ಗೇಟ್ ಒಮ್ಮೆ ಟಕ್ ಅಂದು ಸುಮ್ಮನಾಗುತ್ತದೆ. ಮಾಲೀಕರು ಹೈದರಾಬಾದಿನಿಂದ ಹೊಸ ಕಾರ್ಡ್ ತರಿಸೋಣ ಅಂತಿದ್ದಾರೆ. ಸೀಸನ್ ಬೇರೆ, ಲಾರಿಗಳು ಸಾಲು ನಿಂತಿವೆ. ಏನು ಮಾಡಲಿ?

ಹಳೇ ಮೀಟರ್:
ಕಾರ್ಡಿಗೆ ದುಡ್ಡು ಕೊಡಬೇಡಿ, ಸ್ವಲ್ಪ ತಡೀರಿ. ಎಲ್‌ಇಡಿ ಉರಿದರೆ ಕರೆಂಟ್ ಹೊರಗೆ ಹೋಯಿತು ಅಂತ ಅಲ್ಲ. ಬಹಳಷ್ಟು ಕಾರ್ಡುಗಳಲ್ಲಿ ಅದು ಪ್ರೋಗ್ರಾಂ ಕೊಟ್ಟ ಆಜ್ಞೆಯನ್ನಷ್ಟೇ ತೋರಿಸುತ್ತದೆ. ಲೋಡ್ (ಕರೆಂಟ್ ಎಳೆಯುವ ವಸ್ತು) ಇಲ್ಲದೆ ಮೀಟರ್ ಹಿಡಿಯುವುದೂ ಮೋಸವೇ. ಡಿಜಿಟಲ್ ಮೀಟರ್ ಒಳಗೆ 10 ಮೆಗಾ ಓಮ್ ಇರುತ್ತದೆ. ಟ್ರಾನ್ಸಿಸ್ಟರ್‌ನಿಂದ ಚೂರೇ ಚೂರು ಸೋರಿದರೂ 24 ತೋರಿಸಿಬಿಡುತ್ತದೆ. ಲೈನ್ ಆಫ್ ಮಾಡಿ ಹಿಡಿದು ನೋಡಿ, ಆಗಲೂ ಇಪ್ಪತ್ತರ ಆಸುಪಾಸು ಬಂದರೆ ಆಶ್ಚರ್ಯ ಇಲ್ಲ. ಲಾರಿ ಗ್ಯಾರೇಜ್‌ನಿಂದ 24 ವೋಲ್ಟ್ 5 ವ್ಯಾಟ್ ಬಲ್ಬ್ ತಂದು ಲೋಡ್ ಮಾಡಿ ನೋಡಿ. ಅದೇ ಗುಂಪಿನ ಬೇರೆ ಲೈನ್ ಎಲ್ಲಾ ನಡೀತಿದ್ದರೆ ಕಾಮನ್ ಸಪ್ಲೈ, ಫ್ಯೂಸ್ ಸರಿ ಇವೆ ಅಂತಲೇ ಅರ್ಥ.

ಬೀದರ್ ಪ್ಯಾನೆಲ್:
ಬಲ್ಬ್ ಬೇಡ. ತಣ್ಣಗಿರುವ ಫಿಲಮೆಂಟ್ ಶುರುವಿಗೆ ಹತ್ತು ಪಟ್ಟು ಕರೆಂಟ್ ಎಳೆಯುತ್ತದೆ, ಹೆಚ್ಚು ಕರೆಂಟ್ ಹರಿದರೆ ಲೈನನ್ನು ತಾನೇ ಕತ್ತರಿಸುವ ರಕ್ಷಣೆ ಇರುವ ಕಾರ್ಡ್ ಅದಕ್ಕೇ ಮುನಿಸಿಕೊಂಡು ಕೂರುತ್ತದೆ. 100 ಓಮ್ 10 ವ್ಯಾಟ್ ರೆಸಿಸ್ಟರ್ ಹಾಕಿ, 0.24 ಆಂಪಿಯರ್ ಹರಿಯುತ್ತದೆ. ಮುಟ್ಟಬೇಡಿ, ಸುಡುತ್ತದೆ.

ಇನ್ನೊಂದು. 6ರ ವೈರ್ ತೆಗೆದು 7ಕ್ಕೆ ಹಾಕಿ ನೋಡೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಕಾಯಿಲ್ ಅಳೆಯುವ ಮೊದಲು ಅದನ್ನು ಮಾಡಬೇಡಿ. ಕಾಯಿಲ್ ಶಾರ್ಟ್ ಇದ್ದರೆ, ರಕ್ಷಣೆ ಇಲ್ಲದ ಕಾರ್ಡ್ ಆಗಿದ್ದರೆ, 7ನೇ ಲೈನೂ ಹೋಯಿತು. ಪವರ್ ಆಫ್ ಮಾಡಿ, ಕಾಯಿಲ್‌ನ ಎರಡೂ ವೈರ್ ಬಿಚ್ಚಿ, ಬೆಳಿಗ್ಗೆ ಒಂದು ಸಲ, ಕೈ ಕೊಟ್ಟ ತಕ್ಷಣ ಒಂದು ಸಲ ಓಮ್ ನೋಡಿ. ಕಾಯಿಲ್ ಎಷ್ಟು ವ್ಯಾಟ್?

ಕಪನೂರು ವೈರ್‌ಮ್ಯಾನ್:
ಕಾಯಿಲ್ ಮೇಲೆ 5 ವ್ಯಾಟ್ ಅಂತಿದೆ. ಪಕ್ಕದ ಗೇಟಿನದು 116 ಓಮ್ ಬಂತು. 6ರದು ಬೆಳಿಗ್ಗೆ 62, ಮಧ್ಯಾಹ್ನ 34! ಬಿಸಿ ಆದರೆ ತಾಮ್ರದ ಓಮ್ ಏರಬೇಕಲ್ವಾ, ಇಳೀತಾ ಇದೆಯಲ್ಲ?

ಬೀದರ್ ಪ್ಯಾನೆಲ್:
ಅದೇ ಕಳ್ಳ. 24ರ ವರ್ಗವನ್ನು 5ರಿಂದ ಭಾಗಿಸಿದರೆ 115, ಪಕ್ಕದ್ದು ಸರಿಯಾಗಿದೆ. ನಿಮ್ಮದರ ಒಳಗೆ ಸುತ್ತು ಸುತ್ತಿಗೆ ತಾಗಿದೆ, ಬಿಸಿಗೆ ತಂತಿ ಮೇಲಿನ ಎನಾಮೆಲ್ ಲೇಪ ಬಿಟ್ಟು ಇನ್ನಷ್ಟು ಸುತ್ತು ಸೇರಿಕೊಳ್ಳುತ್ತಿವೆ. ಬೆಳಿಗ್ಗೆ 0.39 ಆಂಪಿಯರ್, ಹೇಗೋ ನಡೆಯಿತು. ಮಧ್ಯಾಹ್ನ 0.7. ಕಾರ್ಡ್ ಬಿಸಿಯಾಗಿ ಆ ಲೈನನ್ನು ತಾನೇ ಕತ್ತರಿಸುತ್ತದೆ, ತಣ್ಣಗಾದರೆ ಮತ್ತೆ ಬಿಡುತ್ತದೆ. ನಿಮ್ಮ ಟಕ್ ಶಬ್ದ ಅದೇ. ಕಾರ್ಡ್ ಪಾಪ, ತನ್ನ ಜೀವ ಉಳಿಸಿಕೊಳ್ಳುತ್ತಿತ್ತು.

ಹಳೇ ಮೀಟರ್:
ಬಲ್ಬಿನ ಮಾತು ಒಪ್ಪಿದೆ. ಕಾಯಿಲ್ ಮೇಲೆ ಹೊಟ್ಟಿನ ಧೂಳು ಗಟ್ಟಿಯಾಗಿ ಕೂತಿದೆಯಾ ನೋಡಿ. ದಾಲ್ ಮಿಲ್‌ನಲ್ಲಿ ಅದು ಕಂಬಳಿ ಹೊದಿಸಿದ ಹಾಗೆ. ನಮ್ಮ ಕಡೆ ಬಿಸಿಲಲ್ಲಿ ಶೀಟಿನ ಶೆಡ್ಡು ಮೊದಲೇ ಒಲೆ. ಹೊಸ ಕಾಯಿಲ್ ಹಾಕುವಾಗ 1ಎನ್4007 ಡಯೋಡ್ (ಒಂದೇ ದಿಕ್ಕಿಗೆ ಕರೆಂಟ್ ಬಿಡುವ ಭಾಗ) ಕಾಯಿಲ್ ಬಳಿಯೇ ಅದರ ಎರಡು ವೈರ್ ನಡುವೆ ಹಾಕಿ. ಬಿಳಿ ಗೆರೆ ಪ್ಲಸ್ ಕಡೆ. ಕಾಯಿಲ್ ಆಫ್ ಆದಾಗ ಏಳುವ ಉಲ್ಟಾ ವೋಲ್ಟೇಜ್ ಅದರಲ್ಲೇ ಸುತ್ತಿ ಸಾಯುತ್ತದೆ. ವಾಲ್ವ್ ಬಿಡುವುದು ಒಂದಿಷ್ಟು ಮಿಲಿಸೆಕೆಂಡ್ ತಡವಾಗಬಹುದು, ಬಿನ್ ಗೇಟಿಗೆ ಅದೇನು ಲೆಕ್ಕವಲ್ಲ.

ಕಪನೂರು ವೈರ್‌ಮ್ಯಾನ್:
ಧೂಳು ಹೌದ್ರಿ, ಎರಡು ಬೆರಳಷ್ಟು ಇತ್ತು. ರೆಸಿಸ್ಟರ್ ಹಾಕಿ 6ನೇ ಲೈನನ್ನು ಮಧ್ಯಾಹ್ನ ಒಂದು ಗಂಟೆ ಓಡಿಸಿದೆ, 23.6 ವೋಲ್ಟ್ ಅಲ್ಲಾಡಲಿಲ್ಲ. ಹೊಸ ಕಾಯಿಲ್ ಹಾಕಿ ಎರಡು ದಿನ ಆಯಿತು, ಗೇಟ್ ನಡೀತಿದೆ. ಕಾರ್ಡ್ ಆರ್ಡರ್ ರದ್ದು.

ಎಂಟೂ ಕಾಯಿಲ್‌ಗೆ ಡಯೋಡ್ ಹಾಕಿದೆ. ಅವಸರದಲ್ಲಿ 3ನೆಯದನ್ನು ತಿರುಗಾಮುರುಗಾ ಹಾಕಿದ್ದೆ. ಆನ್ ಮಾಡಿದ ಕೂಡಲೇ ಆ ಲೈನ್ ಸತ್ತಿತು, ನನ್ನ ಎದೆಯೂ ಧಸಕ್ಕಂತು. ಪವರ್ ತೆಗೆದು ಡಯೋಡ್ ತಿರುಗಿಸಿದ ಮೇಲೆ ಮತ್ತೆ ಬಂತು. ಈ ಕಾರ್ಡಿಗೆ ರಕ್ಷಣೆ ಇದೆ ಅನ್ನೋದಂತೂ ಗ್ಯಾರಂಟಿ ಆಯಿತು.