ಫಾರ್ಮಸಿ ಓದಿದ ಮೇಲೆ ಕೌಂಟರ್ ಕೆಲಸವೋ, ಆಸ್ಪತ್ರೆಯೋ?

ಪ್ರಶ್ನೆ:
ಓದು ಮುಗಿಯುತ್ತಾ ಬಂತು. ಔಷಧಿ ಅಂಗಡಿಯಲ್ಲಿ ಚೀಟಿ ನೋಡಿ ಮಾತ್ರೆ ಎಣಿಸಿ ಕೊಡುವುದಷ್ಟೇ ಕೆಲಸ ಅನ್ನುತ್ತಾರೆ ಮನೆಯವರು. ಆಸ್ಪತ್ರೆಗೇ ಸೇರಬೇಕಾ?

ಉತ್ತರ:
ನಾನು ಎರಡೂ ಕಡೆ ದುಡಿದವಳು. ಎಣಿಸುವುದು ಸುಲಭ, ಚೀಟಿ ಓದುವುದೇ ನಿಜವಾದ ಕೆಲಸ. ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ಕೊಡುವುದು ವಾರಕ್ಕೊಮ್ಮೆ. ಚೀಟಿಯಲ್ಲಿ 'ದಿನಕ್ಕೊಂದು' ಅಂತ ಕಂಡರೆ ಕೈ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಬೇಕು. ದಿನಾ ನುಂಗಿದರೆ ಮೂಳೆಮಜ್ಜೆಗೆ ಪೆಟ್ಟು, ಜೀವಕ್ಕೇ ಅಪಾಯ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಸೋಂಕಿನ ಮಾತ್ರೆ ಮೆಟ್ರೊನಿಡಜೋಲ್ ಬರೆದಿದ್ದರೂ ಕೇಳಲೇಬೇಕು, ರಕ್ತಸ್ರಾವದ ಭಯ ಇರುತ್ತದೆ. ಕೆಲವು ಡಾಕ್ಟರುಗಳು ಸಿಡುಕುತ್ತಾರೆ. ಸಿಡುಕಲಿ ಬಿಡಿ.

ಆಸ್ಪತ್ರೆಯಲ್ಲಿ ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ರಿಪೋರ್ಟ್ ಕೈಗೆ ಸಿಗುತ್ತದೆ. ಕಿಡ್ನಿ ಸೋತಿದ್ದರೆ ವ್ಯಾಂಕೊಮೈಸಿನ್ ಅನ್ನುವ ಆ್ಯಂಟಿಬಯಾಟಿಕ್‌ನ ಡೋಸ್ ಬದಲಿಸಲು ಹೇಳಬಹುದು. ಕೌಂಟರಿನಲ್ಲಿ ಆ ಕಾಗದ ಇರುವುದಿಲ್ಲ, ಬಾಯಿಬಿಟ್ಟು ಕೇಳಿಯೇ ತಿಳಿಯಬೇಕು. ನನಗೆ ಅದೇ ಜಾಸ್ತಿ ಇಷ್ಟ.

ಪ್ರಶ್ನೆ ಕೇಳಿದವರು:
ಹಿಂದೆ ಸಾಲು ನಿಂತಿರುವಾಗ ಏನಂತ ಕೇಳುವುದು ಮೇಡಂ?

ಉತ್ತರ:
"ಬೇರೆ ಮಾತ್ರೆ ಏನಾದರೂ?" ಅಂದರೆ "ಏನೂ ಇಲ್ಲ" ಅನ್ನುತ್ತಾರೆ. ಥೈರಾಯ್ಡ್, ಕ್ಯಾಲ್ಸಿಯಂ ಮಾತ್ರೆಗಳು ಅವರ ಲೆಕ್ಕದಲ್ಲಿ ಔಷಧಿಯೇ ಅಲ್ಲ! ಹೆಸರು ಹಿಡಿದೇ ಕೇಳಿ. ಆ ಎರಡರ ನಡುವೆ 4 ಗಂಟೆ ಅಂತರ ಬೇಕು ಅಂತ ಅಲ್ಲೇ ಹೇಳಿಬಿಡಿ.

ಇನ್ನೊಬ್ಬರು:
ದಿನವಿಡೀ ನಿಲ್ಲಲು ಆಗದಿದ್ದರೆ ಫಾರ್ಮಕೊವಿಜಿಲೆನ್ಸ್ ನೋಡಿ. ಔಷಧಿಗಳ ಅಡ್ಡಪರಿಣಾಮದ ವರದಿಗಳನ್ನು ಓದಿ ದಾಖಲಿಸುವ ಕೆಲಸ. ಕುರ್ಚಿಯಂತೂ ಗ್ಯಾರಂಟಿ, ಗಡುವಿನ ಕಾಟ ಮಾತ್ರ ತಪ್ಪಲ್ಲ.